ಟವೆಲ್ ಮುಚ್ಚಿದ ಚಿತ್ರ: ಮಗಳಿಗೊಂದು ಪತ್ರ

ಪುಟ್ಟಿ,

ಭಾನುವಾರ ನೀನು ಊಟ ಬಿಟ್ಟು ಬಸ್ ಹತ್ತಿದೆ. ಫೋನ್ ಮಾಡಿದರೆ ಮತ್ತೆ ಜಗಳವೇ ಆಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಯಾರು ಏನಂದರು ಅನ್ನೋದು ಇಬ್ಬರಿಗೂ ಗೊತ್ತು, ಬಿಡು.

ನೀನು ಇದ್ದಿಲಿನಲ್ಲಿ ಬರೆದ ಬೆತ್ತಲೆ ಹೆಂಗಸಿನ ಚಿತ್ರದ ಮೇಲೆ ಟವೆಲ್ ಹಾಕಿದ್ದು ನಾನು. ನಿಮ್ಮತ್ತೆ ಬರುತ್ತಾರಲ್ಲ ಅಂತ. ಟವೆಲ್ ತೆಗೆದಾಗ ಆ ಹೆಂಗಸಿನ ಹೊಟ್ಟೆಯ ಭಾಗ ಪೂರ್ತಿ ಉಜ್ಜಿ ಹೋಗಿತ್ತು. ತಪ್ಪಾಯಿತು ಮಗಳೇ.

ಬೆತ್ತಲೆ ಮೂರ್ತಿ ನನಗೇನು ಹೊಸದಾ? ನಿನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ವಿಂಧ್ಯಗಿರಿಯ 600ಕ್ಕೂ ಜಾಸ್ತಿ ಮೆಟ್ಟಿಲು ಹತ್ತಿದವಳು ನಾನು. ಚಾವುಂಡರಾಯ 981ರಲ್ಲಿ ನಿಲ್ಲಿಸಿದ ಗೊಮ್ಮಟನಿಗೆ ನಿನ್ನ ಕೈಯನ್ನೂ ಮುಗಿಸಿದೆ. ಬೇಲೂರಿನಲ್ಲಿ ಕೋತಿ ಮದನಿಕೆಯ ಸೀರೆ ಎಳೆಯೋದನ್ನು ನೋಡಿ ಇಬ್ಬರೂ ನಕ್ಕೆವು. ಭಾನುವಾರ ನಿಮ್ಮತ್ತೆ ಕೂತಿದ್ದೂ ಅಕ್ಕಮಹಾದೇವಿಯ ಪಟದ ಕೆಳಗೇ. ಬಟ್ಟೆ ಬಿಟ್ಟು ನಡೆದ ಅಕ್ಕನಿಗೂ ಪಟದಲ್ಲಿ ಕೂದಲು ಹೊದಿಸಿ, ಅವಳಿಗೇ ದಿನಾ ಹೂವು ಮುಡಿಸುತ್ತೇವೆ.

ಆದರೆ ಬೇಲೂರಿನ ಆ ಹೆಣ್ಣುಗಳಿಗೆ ವಯಸ್ಸೇ ಆಗಿಲ್ಲ. ಯಾರೂ ಹೆತ್ತವರ ಹಾಗೆ ಕಾಣೋದಿಲ್ಲ. ನೀನು ಬರೆದವಳಿಗೆ ಐವತ್ತು ದಾಟಿದೆ. ಹೊಟ್ಟೆ ಜೋತಿದೆ. ಹೊಕ್ಕುಳ ಕೆಳಗೆ ಹೊಲಿಗೆಯ ಗೆರೆ. ಅದು ನನ್ನದೇ ಹೊಟ್ಟೆ ಅನ್ನಿಸಿತು. ನಾನು ಮುಚ್ಚಿದ್ದು ನನ್ನನ್ನೇ.

ನಿನಗೆ ನೆನಪಿದೆಯೋ ಇಲ್ಲವೋ. ಐದು ವರ್ಷ ಇರಬೇಕು. ನಾನು ಸ್ನಾನ ಮುಗಿಸಿ ಸೀರೆ ಉಡುತ್ತಿದ್ದೆ, ಹಸಿರು ಸೀರೆ. ನೀನು ಬಂದು ಆ ಗೆರೆಯ ಮೇಲೆ ಬೆರಳಿಟ್ಟು, 'ಅಮ್ಮಾ, ಇಲ್ಲಿ ಜಿಪ್ ಇದೆಯಾ?' ಅಂದೆ. ನಾನು 'ಛೀ' ಅಂತ ಕೈ ಮೇಲೆ ಹೊಡೆದೆ. ನೀನು ಅಳಲಿಲ್ಲ. ಬೆರಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡೆ. 'ಇಲ್ಲಿಂದಲೇ ನಿನ್ನನ್ನು ತೆಗೆದರು' ಅಂದಿದ್ದರೆ ಆಗುತ್ತಿತ್ತು. ಎರಡು ನಿಮಿಷದ ಮಾತು. ಮೂರು ದಿನದಿಂದ ಆ ಬೆರಳೇ ಕಣ್ಣ ಮುಂದೆ. ಇವತ್ತು ಇದ್ದಿಲು ಹಿಡಿಯೋದೂ ಅದೇ ಬೆರಳು. ನಾನು ಹೊಡೆದದ್ದನ್ನೇ ನೀನು ಎಷ್ಟು ನಿಧಾನವಾಗಿ, ಎಷ್ಟು ಪ್ರೀತಿಯಿಂದ ಬರೆದಿದ್ದೀಯ! ನಿನ್ನ ಕೈ ದೊಡ್ಡದು ಪುಟ್ಟಿ.

ಭಯ ಮಾತ್ರ ಹೋಗಿಲ್ಲ. ಬೆತ್ತಲೆ ಚಿತ್ರಕ್ಕೆ ಕೇಸು ಹಾಕಿಸಿಕೊಂಡ ಚಿತ್ರಕಾರ ಎಂ.ಎಫ್. ಹುಸೇನ್ ಅವರ ಕಥೆ ನೀನೇ ಹೇಳಿದ್ದೆ. 2008ರಲ್ಲಿ ದೆಹಲಿ ಹೈಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. ಆದರೂ ಆ ಹಿರಿಯರು ಮನೆಗೆ ಬರಲಾಗದೆ 2011ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಕೋರ್ಟು ಒಪ್ಪಿದರೆ ಸಾಕಾ? ಅದಕ್ಕೇ ಹೇಳ್ತೀನಿ, ಕೇಳು. ಚಿತ್ರವನ್ನು ಫೋನಿನಲ್ಲಿ ಎಲ್ಲರಿಗೂ ಕಳಿಸಬೇಡ. ನಿನ್ನ ಚಿತ್ರಕ್ಕೆ ಕೂತ ಆ ಅಮ್ಮನ ಮಗನಿಗೆ ಈ ಕೆಲಸ ಗೊತ್ತಿಲ್ಲ ಅಂದೆಯಲ್ಲ, ಮುಖ ಯಾರಿಗೂ ಸುಮ್ನೆ ತೋರಿಸಬೇಡ. ಅವರಿಗೆ ಸಮಯಕ್ಕೆ ದುಡ್ಡು ಕೊಡುತ್ತಾರಾ ನೋಡು. ಅಷ್ಟು ಹೊತ್ತು ಅಲ್ಲಾಡದೆ ಕೂತರೆ ಸೊಂಟ ಹಿಡಿಯುತ್ತದೆ, ಮಧ್ಯೆ ಟೀ ಕೊಡಿ. ನೀನೂ ಹೊತ್ತಿಗೆ ಸರಿಯಾಗಿ ಉಣ್ಣು. ನೋಡು, ಮತ್ತೆ ಬುದ್ಧಿ ಹೇಳೋಕೆ ಶುರು ಮಾಡಿದೆ.

ಚಿತ್ರವನ್ನು ನಿನ್ನ ಮೇಜಿನ ಮೇಲೆ ಹಾಗೇ ಇಟ್ಟಿದ್ದೇನೆ, ಏನೂ ಮುಚ್ಚಿಲ್ಲ. ಮುಂದಿನ ವಾರ ಬಂದು ಅಳಿಸಿದ ಜಾಗ ಸರಿ ಮಾಡ್ತೀಯಾ? ಗೆರೆ ಹೇಗಿತ್ತು ಅನ್ನೋದು ಮರೆತಿದ್ದರೆ ನಾನು ತೋರಿಸುತ್ತೇನೆ.

ಅಮ್ಮ