ಭಯದ ಚಿತ್ರಗಳಿಗೂ ಪುಟ ಕೊಡಿ

ಮಾನ್ಯ ಸಂಪಾದಕರೇ,

ಹ್ಯಾಲೊವೀನ್ ಬಂತೆಂದರೆ ಅಸ್ಥಿಪಂಜರ, ಪಿಶಾಚಿಗಳ ಚಿತ್ರ ಮೆಚ್ಚುವವರನ್ನು ವಿಕೃತ ಅಭಿರುಚಿಯವರೆಂದು ಜರೆಯುವುದು ಕೆಲವರಿಗೆ ರೂಢಿಯಾಗಿದೆ. ಚಿತ್ರಕಲೆ ಕಲಿಸಿ ನಿವೃತ್ತಳಾದ ನನಗೆ ಅಕ್ಟೋಬರ್ ಕೊನೆಯ ವಾರವೆಂದರೆ ಹಿಗ್ಗು.

ಸ್ಪೇನಿನ ಚಿತ್ರಕಾರ ಗೋಯಾ 1819ರಿಂದ 1823ರ ನಡುವೆ ತನ್ನ ಮನೆಯ ಗೋಡೆಗಳ ಮೇಲೇ ಬಿಡಿಸಿದ, ‘ಕಪ್ಪು ಚಿತ್ರಗಳು’ ಎಂದೇ ಹೆಸರಾದ ಚಿತ್ರಗಳನ್ನು ನೋಡಿ. ಈಗ ಅವು ಮ್ಯಾಡ್ರಿಡ್‌ನ ಪ್ರಾಡೊ ಸಂಗ್ರಹಾಲಯದಲ್ಲಿವೆ. ಅವುಗಳಲ್ಲೊಂದಾದ, ಹೆತ್ತ ಮಗನನ್ನೇ ತಿನ್ನುತ್ತಿರುವ ರೋಮನ್ ದೇವತೆ ಸ್ಯಾಟರ್ನ್‌ನ ಚಿತ್ರದಲ್ಲಿ ನನ್ನನ್ನು ಕಾಡುವುದು ರಕ್ತವಲ್ಲ, ಆ ಕಣ್ಣುಗುಡ್ಡೆಗಳು. ತಿನ್ನುವವನೇ ಕಂಗಾಲಾಗಿದ್ದಾನೆ! ಸುತ್ತ ಬರೀ ಕತ್ತಲು. ಬೆರಳುಗಳು ಮಾತ್ರ ಆ ಪುಟ್ಟ ಬೆನ್ನಿಗೆ ನಾಟಿಕೊಂಡಿವೆ. ಇಷ್ಟು ಹೊತ್ತು ನಿಂತು ನೋಡುವಂತೆ ಹೂಕುಂಡದ ಚಿತ್ರ ನನ್ನನ್ನು ಎಂದೂ ಹಿಡಿದಿಟ್ಟಿಲ್ಲ.

ಜಪಾನಿನ ಕುನಿಯೋಶಿಯ ಮರದಚ್ಚಿನ ಚಿತ್ರದಲ್ಲಿ ಹರಿದ ತೆರೆ ಸರಿಸಿ ಬಾಗುವ ದೈತ್ಯ ಅಸ್ಥಿಪಂಜರದ ಪಕ್ಕೆಲುಬುಗಳನ್ನು ಎಣಿಸಬಹುದು. ಮೆಕ್ಸಿಕೊದ ಪೊಸಾಡಾ ಕೆತ್ತಿದ, ಗರಿಗಳ ಟೋಪಿ ತೊಟ್ಟ ಬುರುಡೆಯ ಹೆಂಗಸಂತೂ ನಗಿಸುತ್ತಾಳೆ. ಸೋಗಲಾಡಿಗಳಿಗೆ ಸರಿಯಾದ ಏಟು.

ಪುರವಣಿಯಲ್ಲಿ ಇಂಥ ಚಿತ್ರಗಳನ್ನು ದೊಡ್ಡದಾಗಿ, ಟಿಪ್ಪಣಿ ಸಹಿತ ಮುದ್ರಿಸಿ. ಪ್ಲಾಸ್ಟಿಕ್ ಬುರುಡೆಗಳ ಫೋಟೊ ಸಾಕಾಗಿದೆ.

– ನಿವೃತ್ತ ಚಿತ್ರಕಲಾ ಶಿಕ್ಷಕಿ