ಕಾರ್ಡ್ ರೀಡರ್ ಆರ್ಡರ್ ಹಾಕುವ ಮುಂಚೆ ಇದನ್ನು ಓದಿ

ಎಲ್ಲರಿಗೂ ನಮಸ್ಕಾರ. ರಿಸೆಪ್ಶನ್ ಮೇಜಿಗೆ ಐಡಿ ಕಾರ್ಡ್ ರೀಡರ್ ತರಿಸಬೇಕು ಅಲ್ವಾ, ದಯವಿಟ್ಟು ಬರೀ ಬೆಲೆ ನೋಡಿ ಕೊಳ್ಳಬೇಡಿ.

ಮೊದಲು ಕಾರ್ಡ್ ಯಾವ ರೇಡಿಯೋ ಫ್ರೀಕ್ವೆನ್ಸಿಯದು ಅಂತ ನೋಡಿ. 125 ಕಿಲೋಹರ್ಟ್ಸ್ ರೀಡರ್ 13.56 ಮೆಗಾಹರ್ಟ್ಸ್ ಕಾರ್ಡನ್ನು ಓದುವುದೇ ಇಲ್ಲ. ನೋಡೋಕೆ ಎರಡೂ ಒಂದೇ ಥರ. ಎನ್‌ಎಫ್‌ಸಿ (ಹತ್ತಿರ ಹಿಡಿದ ಕಾರ್ಡ್ ಓದುವ ಫೋನಿನ ಸೌಲಭ್ಯ) ಆನ್ ಮಾಡಿ ಫೋನಿನ ಬೆನ್ನಿಗೆ ಕಾರ್ಡ್ ಹಿಡಿಯಿರಿ. ಫೋನ್ ಗುರುತಿಸಿದರೆ ಅದು 13.56. ನಮ್ಮಲ್ಲಿ ಹಳಬರ ಹತ್ತಿರ 125, ಹೊಸಬರ ಹತ್ತಿರ ಮೈಫೇರ್ (13.56ರ ಕಾರ್ಡಿನ ಒಂದು ಬ್ರ್ಯಾಂಡ್) ಇದೆ. ಹಾಗಾಗಿ ಎರಡನ್ನೂ ಓದುವ ರೀಡರೇ ಬೇಕು.

ಜಾಸ್ತಿ ತಲೆನೋವು ಕೊಡುವುದು ನಂಬರು. ಕೀಬೋರ್ಡ್ ಮೋಡಿನ ರೀಡರ್ ಮೇಲೆ ಕಾರ್ಡ್ ಇಟ್ಟರೆ, ಕರ್ಸರ್ ಇದ್ದ ಕಡೆ ನಂಬರ್ ತಾನಾಗಿ ಟೈಪ್ ಆಗುತ್ತದೆ. ಸಾಫ್ಟ್‌ವೇರ್ ಏನೂ ಬೇಡ, ನಮಗೆ ಅದೇ ಸಾಕು. ಆದರೆ ಟ್ರಯಲ್‌ಗೆ ತಂದ ರೀಡರ್ ಕಾರ್ಡ್ ನಂಬರಿನ ಬೈಟ್‌ಗಳನ್ನು (ತುಣುಕುಗಳನ್ನು) ಹಿಂದುಮುಂದಾಗಿ ಓದಿತು. ಒಂದೇ ಕಾರ್ಡಿಗೆ ಗೇಟಿನಲ್ಲಿ ಒಂದು ನಂಬರ್, ಮೇಜಿನಲ್ಲಿ ಇನ್ನೊಂದು! ಇಡೀ ಬೆಳಿಗ್ಗೆ ಹಾಳಾಯಿತು. ಈ ಕ್ರಮ ಬದಲಿಸುವ ಸೆಟ್ಟಿಂಗ್ ಇದೆಯಾ ಅಂತ ಅಂಗಡಿಯವರನ್ನು ಕೇಳಲೇಬೇಕು. ಎಕ್ಸೆಲ್‌ನಲ್ಲಿ ಕಾರ್ಡ್ ನಂಬರಿನ ಕಾಲಂ ಟೆಕ್ಸ್ಟ್ ಆಗಿರಲಿ, ಇಲ್ಲದಿದ್ದರೆ ನಂಬರಿನ ಮೊದಲಲ್ಲಿರುವ ಸೊನ್ನೆಗಳು ಮಾಯ.

ಹೊಸ ಕಾರ್ಡ್ ಮಾಡಿಸುವಾಗ ಮೈಫೇರ್ ಕ್ಲಾಸಿಕ್ ಬೇಡ. ಅದರ ಬೀಗ (ಗೂಢಲಿಪಿ) 2008ರಲ್ಲೇ ಮುರಿದಿದೆ. ಡೆಸ್‌ಫೈರ್ (ಅದೇ ಬ್ರ್ಯಾಂಡಿನ ಹೆಚ್ಚು ಭದ್ರವಾದ ಕಾರ್ಡ್) ತರಿಸೋಣ.

ನಮ್ಮದು ಸ್ಟೀಲ್ ಮೇಜು. ರೀಡರ್ ಕೆಳಗೆ ಒಂದು ಮರದ ಹಲಗೆ ಇಡಿ, ಲೋಹದ ಮೇಲಿಟ್ಟರೆ ಸರಿಯಾಗಿ ಓದುವುದಿಲ್ಲ.

ನಿಮ್ಮ ಕಾರ್ಡ್ ಫೋನಿಗೆ ಸಿಕ್ಕಿತಾ ಇಲ್ವಾ, ನಾಳೆ ಸಂಜೆಯೊಳಗೆ ಇಲ್ಲೇ ತಿಳಿಸಿ.