ಡಬ್ಬದಲ್ಲಿ ಇನ್ನು ಸ್ಕೂಪ್ ಇರುವುದಿಲ್ಲ

ಪ್ರಿಯ ಗ್ರಾಹಕರೇ,

ನೀವು ನಮ್ಮಿಂದ ಎಲ್-ಟ್ರಿಪ್ಟೋಫ್ಯಾನ್ (ಊಟದ ಪ್ರೋಟೀನಿನಲ್ಲೂ ಇರುವ ಒಂದು ಅಮೈನೋ ಆಮ್ಲ) ಪುಡಿ ತರಿಸಿಕೊಳ್ಳುವವರಾದರೆ ಈ ಪತ್ರ ನಿಮಗೆ. ಮುಂದಿನ ಬ್ಯಾಚಿನಿಂದ ಪುಡಿಯ ಡಬ್ಬ ಇರುವುದಿಲ್ಲ. ಅದರೊಳಗಿನ ಬಿಳಿ ಸ್ಕೂಪೂ ಇರುವುದಿಲ್ಲ. ಬದಲಿಗೆ 500 ಮಿಲಿಗ್ರಾಂನ ಕ್ಯಾಪ್ಸೂಲ್ ಬರುತ್ತದೆ. ಆರ್ಡರ್ ಮಾಡುವಾಗ ಒಂದು ಪ್ರಶ್ನೆಯನ್ನೂ ಕೇಳುತ್ತೇವೆ: ಈಗ ಯಾವ್ಯಾವ ಮಾತ್ರೆ, ಔಷಧಿ ತೆಗೆದುಕೊಳ್ಳುತ್ತಿದ್ದೀರಿ? ಉತ್ತರ ಬರೆಯದಿದ್ದರೆ ಆರ್ಡರ್ ಮುಂದಕ್ಕೆ ಹೋಗುವುದಿಲ್ಲ.

ಇದು ಕಿರಿಕಿರಿ ಅಂತ ಗೊತ್ತು. ಯಾಕೆ ಹೀಗೆ ಮಾಡಿದೆವು ಅಂತ ಬಿಡಿಸಿ ಹೇಳುತ್ತೇವೆ.

ಮೊದಲು ಸ್ಕೂಪಿನ ಕಥೆ. ಲೇಬಲ್ ಮೇಲೆ "ಒಂದು ಸ್ಕೂಪ್, 1 ಗ್ರಾಂ" ಅಂತ ನಾವೇ ಅಚ್ಚು ಹಾಕಿಸಿದ್ದೆವು. ಗ್ರಾಹಕರೊಬ್ಬರು ಮನೆಯಲ್ಲಿ ತೂಗಿ ನೋಡಿ ಫೋಟೋ ಕಳಿಸಿದರು. ತಕ್ಕಡಿ 1.6 ತೋರಿಸುತ್ತಿತ್ತು. ನಿಜ ಹೇಳಬೇಕೆಂದರೆ, ಅವರ ತಕ್ಕಡಿಯೇ ಕೆಟ್ಟಿರಬೇಕು ಅಂದುಕೊಂಡೆವು. ಆಮೇಲೆ ಯಾಕೋ ಮನಸ್ಸು ತಡೆಯದೆ ಪ್ಯಾಕಿಂಗ್ ಮೇಜಿನ ಮುಂದೆ ಕೂತು ನಾವೇ ಅಳೆದೆವು.

ಈ ಪುಡಿ ಹಗುರ. ಒಳಗೆಲ್ಲ ಗಾಳಿ ತುಂಬಿಕೊಂಡಿರುತ್ತದೆ. ಹೊಸ ಡಬ್ಬ ತೆರೆದು, ಸ್ಕೂಪನ್ನು ಮೆಲ್ಲಗೆ ತುಂಬಿಸಿ, ಮೇಲೆ ಚಾಕುವಿನ ಬೆನ್ನಿನಿಂದ ಸವರಿದರೆ ಸರಿಯಾಗಿ ಒಂದು ಗ್ರಾಂ. ಅದೇ ಡಬ್ಬವನ್ನು ಮೇಜಿಗೆ ನಾಲ್ಕು ಸಲ ಕುಟ್ಟಿ ಮತ್ತೆ ತುಂಬಿದರೆ ತೂಕ ಜಾಸ್ತಿ ಬರುತ್ತದೆ. ಗಾಡಿಯಲ್ಲಿ ನಿಮ್ಮ ಮನೆಗೆ ಬರುವಾಗ ಆಗುವುದೂ ಅದೇ ಅಲ್ವಾ? ಗೋಪುರದ ಹಾಗೆ ತುಂಬಿದರೆ ಇನ್ನೂ ಜಾಸ್ತಿ. ಡಬ್ಬದ ಗೋಡೆಗೆ ಒತ್ತಿ ತೆಗೆದರೆ ಎರಡು ಗ್ರಾಂ ಹತ್ತಿರ ಹೋಯಿತು. ಸ್ಕೂಪ್ ಅದೇ, ಕೈ ಅದೇ. ಸ್ಕೂಪ್ ಅಳೆಯುವುದು ಜಾಗವನ್ನು, ತೂಕವನ್ನಲ್ಲ. ಇಷ್ಟು ಚಿಕ್ಕ ವಿಷಯ ನಮಗೆ ಹೊಳೆಯಲು ಗ್ರಾಹಕರ ತಕ್ಕಡಿಯೇ ಬೇಕಾಯಿತು.

ಅರ್ಧ ಗ್ರಾಂ ಆಚೀಚೆ ಆದರೆ ಏನು ಮಹಾ, ಅಂತ ನಿಮಗೆ ಅನ್ನಿಸಬಹುದು. ವಿಶ್ವ ಆರೋಗ್ಯ ಸಂಸ್ಥೆಯ 2007ರ ವರದಿಯ ಪ್ರಕಾರ ದೊಡ್ಡವರಿಗೆ ದಿನಕ್ಕೆ ಬೇಕಾದ ಟ್ರಿಪ್ಟೋಫ್ಯಾನ್ ಮೈತೂಕದ ಪ್ರತಿ ಕಿಲೋಗೆ 4 ಮಿಲಿಗ್ರಾಂ. 60 ಕಿಲೋ ಇರುವವರಿಗೆ 240 ಮಿಲಿಗ್ರಾಂ ಆಯಿತು. ಹೊಟ್ಟೆ ತುಂಬ ಊಟ ಮಾಡುವವರಿಗೆ ಅಷ್ಟು ಊಟದಿಂದಲೇ ಸಿಗುತ್ತದೆ. ಅಂದರೆ ಸವರಿದ ಒಂದು ಸ್ಕೂಪೇ ದಿನದ ಅಗತ್ಯದ ನಾಲ್ಕು ಪಟ್ಟು. ಒತ್ತಿ ತುಂಬಿದ್ದು ಎಂಟು ಪಟ್ಟು.

"ಊಟದಲ್ಲಿ ಇರೋದೇ ತಾನೇ" ಅಂತ ನಾವೂ ವರ್ಷಗಟ್ಟಲೆ ಹೇಳಿಕೊಂಡು ಬಂದೆವು. ಆದರೆ ಊಟದಲ್ಲಿ ಅದು ಒಂಟಿಯಾಗಿ ಬರುವುದಿಲ್ಲ. ಲ್ಯೂಸಿನ್, ವ್ಯಾಲಿನ್, ಟೈರೋಸಿನ್‌ನಂಥ ಬೇರೆ ಅಮೈನೋ ಆಮ್ಲಗಳೂ ಜೊತೆಗೇ ಬರುತ್ತವೆ. ಮೆದುಳಿಗೆ ಹೋಗಲು ಇವಕ್ಕೆಲ್ಲ ಇರುವುದು ಒಂದೇ ಬಾಗಿಲು, ಅಲ್ಲಿ ನೂಕುನುಗ್ಗಲು. ಟ್ರಿಪ್ಟೋಫ್ಯಾನ್‌ಗೆ ಸಿಗುವ ಜಾಗ ಅಷ್ಟಕ್ಕಷ್ಟೇ. ಖಾಲಿ ಹೊಟ್ಟೆಗೆ ಅದೊಂದನ್ನೇ ಕೊಟ್ಟರೆ ಸಾಲಿನಲ್ಲಿ ನೂಕುನುಗ್ಗಲು ಕಡಿಮೆ, ಜಾಸ್ತಿ ಒಳಗೆ ಹೋಗುತ್ತದೆ. ಅಲ್ಲಿ ಅದರಿಂದ ಸೆರೊಟೋನಿನ್ ತಯಾರಾಗುತ್ತದೆ, ಅಂದರೆ ನಿದ್ದೆ, ಮನಸ್ಥಿತಿಗೆ ಸಂಬಂಧಿಸಿದ ಒಂದು ರಾಸಾಯನಿಕ. ನಿದ್ದೆಗೆ ಅಂತ ಜನ ಇದನ್ನು ತೆಗೆದುಕೊಳ್ಳುವುದೂ ಇದೇ ಕಾರಣಕ್ಕೆ. ತೊಂದರೆ ಶುರುವಾಗುವುದೂ ಇಲ್ಲಿಂದಲೇ.

ಇನ್ನು ಆ ಪ್ರಶ್ನೆ ಯಾಕೆ ಅಂತ. ಈ ವರ್ಷ ನಮ್ಮ ಹಳೆಯ ಗ್ರಾಹಕರೊಬ್ಬರು ಫೋನ್ ಮಾಡಿದ್ದರು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇವೆ, ಹೆಸರು ಬೇಡ ಅಂದರು. ರಾತ್ರಿ ನಮ್ಮ ಪುಡಿ ತೆಗೆದುಕೊಳ್ಳುವುದು ಅವರಿಗೆ ಅಭ್ಯಾಸವಾಗಿತ್ತು. ಆಮೇಲೆ ವೈದ್ಯರು ಖಿನ್ನತೆಗೆ ಸರ್ಟ್ರಲೀನ್ ಬರೆದುಕೊಟ್ಟರು, ಅದೂ ಸೆರೊಟೋನಿನ್ ಪ್ರಭಾವವನ್ನು ಹೆಚ್ಚಿಸುವ ಮಾತ್ರೆಯೇ. ಕೆಲವು ದಿನಗಳಾದ ಮೇಲೆ, ಒಂದು ಸಂಜೆ ಮಾತ್ರೆಯ ಡೋಸ್ ಹೆಚ್ಚಾಗಿತ್ತು, ರಾತ್ರಿ ಪುಡಿಯೂ ಹೋಯಿತು. ನೀರಿನ ಲೋಟ ತುಟಿಗೆ ತರುವಷ್ಟರಲ್ಲಿ ಅರ್ಧ ನೀರು ಸೀರೆಯ ಮೇಲೆ ಚೆಲ್ಲಿತ್ತಂತೆ, ಅಷ್ಟು ಕೈ ನಡುಕ. ಬೆವರು, ಎದೆ ಡವಡವ, ಕೂತಲ್ಲಿ ಕೂರಲಾಗದ ಚಡಪಡಿಕೆ. ಆಸ್ಪತ್ರೆಯಲ್ಲಿ ಇದಕ್ಕೆ ಸೆರೊಟೋನಿನ್ ಸಿಂಡ್ರೋಮ್ ಅಂದರು, ಅಂದರೆ ಮೈಯಲ್ಲಿ ಸೆರೊಟೋನಿನ್ ಅತಿಯಾಗಿ ಆಗುವ ತೊಂದರೆ. ಬೇಗ ಹೋದದ್ದರಿಂದ ಹುಷಾರಾದರು.

ವೈದ್ಯರು ಮೊದಲೇ ಕೇಳಿದ್ದರಂತೆ, ಬೇರೆ ಏನಾದರೂ ಔಷಧಿ ತಗೋತೀರಾ ಅಂತ. ಇವರು ಇಲ್ಲ ಅಂದಿದ್ದರು. ಯಾಕೆ ಹೇಳಲಿಲ್ಲ ಅಂತ ನಾವು ಕೇಳಿದಾಗ ಅವರಂದರು: "ನಿಮ್ಮ ಡಬ್ಬದ ಮೇಲೇ ಔಷಧಿಯಲ್ಲ ಅಂತ ಇದೆಯಲ್ಲ."

ಹೌದು, ಇತ್ತು. ನಾವೇ ಬರೆದದ್ದು, ದಪ್ಪ ಅಕ್ಷರದಲ್ಲಿ. ಆ ಸಾಲನ್ನು ತೆಗೆದುಹಾಕಿದ್ದೇವೆ. ಅದರ ಪಕ್ಕದಲ್ಲಿದ್ದ "ಪೂರ್ತಿ ನೈಸರ್ಗಿಕ" ಎನ್ನುವುದನ್ನೂ ತೆಗೆದಿದ್ದೇವೆ.

ಖಿನ್ನತೆಯ ಮಾತ್ರೆಗಳು ಮಾತ್ರ ಅಲ್ಲ. ನೋವಿಗೆ ಕೊಡುವ ಟ್ರಾಮಡಾಲ್, ಮೈಗ್ರೇನಿಗೆ ಕೊಡುವ ಸುಮಾಟ್ರಿಪ್ಟಾನ್, ಲಿನೆಜೊಲಿಡ್ ಎಂಬ ಆಂಟಿಬಯಾಟಿಕ್, ಇವೆಲ್ಲದರ ಜೊತೆಗೂ ಅಪಾಯವಿದೆ. ಜನ ಮರೆಯುವುದು ಕೆಮ್ಮಿನ ಸಿರಪ್ಪನ್ನು. ಡೆಕ್ಸ್ಟ್ರೋಮೆಥಾರ್ಫಾನ್ ಅಂತ ಬಾಟಲಿಯ ಮೇಲೆ ಇದೆಯಾ ನೋಡಿ. ಖಿನ್ನತೆಗೆ ಕೊಡುವ ಫ್ಲುಯೊಕ್ಸೆಟಿನ್ ನಿಲ್ಲಿಸಿದ ಮೇಲೂ ವಾರಗಟ್ಟಲೆ ಮೈಯಲ್ಲಿ ಉಳಿದಿರುತ್ತದೆ, ಹಾಗಾಗಿ "ಈಗ ಬಿಟ್ಟಿದ್ದೇನೆ" ಅಂದರೆ ಸಾಲದು, ಯಾವಾಗ ಬಿಟ್ಟಿರಿ ಅಂತಲೂ ಬರೆಯಿರಿ. ನಮ್ಮ ಕ್ಯಾಪ್ಸೂಲ್ ತೆಗೆದುಕೊಳ್ಳಲು ಅಂತ ವೈದ್ಯರು ಕೊಟ್ಟ ಮಾತ್ರೆಯನ್ನು ದಯವಿಟ್ಟು ನಿಲ್ಲಿಸಬೇಡಿ. ಬಿಡಬೇಕಾದ್ದು ನಮ್ಮದನ್ನು.

ಗರ್ಭಿಣಿಯರು, ಹಾಲುಣಿಸುವವರು, ಲಿವರ್ ಅಥವಾ ಕಿಡ್ನಿ ತೊಂದರೆ ಇರುವವರು ವೈದ್ಯರ ಚೀಟಿ ಕಳಿಸಿದರೆ ಮಾತ್ರ ಕೊಡುತ್ತೇವೆ. 18 ತುಂಬದವರಿಗೆ ಇಲ್ಲ.

ಶುದ್ಧತೆಯ ಬಗ್ಗೆಯೂ ಒಂದು ಮಾತು. 1989ರ ಅಕ್ಟೋಬರಿನಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಮೂವರು ಹೆಂಗಸರಿಗೆ ಸಹಿಸಲಾರದ ಸ್ನಾಯು ನೋವು ಬಂತು. ರಕ್ತದಲ್ಲಿ ಇಯೊಸಿನೊಫಿಲ್ ಎಂಬ ಬಿಳಿ ಕಣಗಳು ವಿಪರೀತ ಏರಿದ್ದವು. ಮೂವರೂ ತೆಗೆದುಕೊಳ್ಳುತ್ತಿದ್ದದ್ದು ಟ್ರಿಪ್ಟೋಫ್ಯಾನ್. ಮುಂದಿನ ತಿಂಗಳೇ ಅಲ್ಲಿನ ಸರ್ಕಾರ ಮಾರುಕಟ್ಟೆಯಿಂದ ಅದನ್ನು ವಾಪಸ್ ತರಿಸಿತು. ಅಷ್ಟರಲ್ಲಿ ಕಾಯಿಲೆ ಹರಡಿಬಿಟ್ಟಿತ್ತು: 1500ಕ್ಕೂ ಹೆಚ್ಚು ಜನರಿಗೆ ತಗುಲಿತು, 30ಕ್ಕೂ ಹೆಚ್ಚು ಜನ ಸತ್ತರು. ಹೆಚ್ಚುಕಡಿಮೆ ಎಲ್ಲ ಪ್ರಕರಣಗಳ ಜಾಡು ಹೋಗಿ ನಿಂತದ್ದು ಜಪಾನಿನ ಒಂದೇ ತಯಾರಕರ ಬಳಿ. ಅವರು ಟ್ರಿಪ್ಟೋಫ್ಯಾನ್ ತಯಾರಿಸಲು ಬಳಸುವ ಬ್ಯಾಕ್ಟೀರಿಯಾದ ತಳಿ ಬದಲಿಸಿದ್ದರು, ಜೊತೆಗೆ ಶೋಧಿಸಲು ಬಳಸುವ ಇದ್ದಿಲ ಪುಡಿಯನ್ನು ಕಡಿಮೆ ಮಾಡಿದ್ದರು. ಇದನ್ನು ಹೆದರಿಸಲು ಹೇಳುತ್ತಿಲ್ಲ. ತಯಾರಿಕೆಯಲ್ಲಿ ಚೂರು ಬದಲಾವಣೆ ಆದರೂ ಹೊಸದಾಗಿ ಪರೀಕ್ಷೆ ಮಾಡಿಸಲೇಬೇಕು ಎನ್ನುವುದಕ್ಕೆ ನಮಗೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ. ಇನ್ನು ಮೇಲೆ ಪ್ರತಿ ಬಾಟಲಿಯ ತಳದಲ್ಲಿ ಬ್ಯಾಚ್ ಸಂಖ್ಯೆ ಇರುತ್ತದೆ. ಅದನ್ನು ತಿಳಿಸಿದರೆ ಆ ಬ್ಯಾಚಿನ ಲ್ಯಾಬ್ ವರದಿ ಕಳಿಸುತ್ತೇವೆ.

ತೆಗೆದುಕೊಳ್ಳುವವರು ಮಲಗುವ ಮುಂಚೆ ಒಂದೇ ಕ್ಯಾಪ್ಸೂಲಿನಿಂದ ಶುರು ಮಾಡಿ. ಮದ್ಯ ಅಥವಾ ನಿದ್ದೆ ಮಾತ್ರೆಯ ಜೊತೆ ಬೇಡ. ಬೆಳಿಗ್ಗೆ ಮಂಪರು ಉಳಿದಿದ್ದರೆ ಗಾಡಿ ಓಡಿಸಬೇಡಿ. ಕೆಲಸ ಮಾಡಲಿಲ್ಲ ಅಂತ ಸುಮ್ನೆ ಇನ್ನೊಂದು, ಮತ್ತೊಂದು ನುಂಗುತ್ತಾ ಹೋಗಬೇಡಿ. ತಿಂಗಳುಗಟ್ಟಲೆ ನಿದ್ದೆ ಬರುತ್ತಿಲ್ಲ ಅಂದರೆ ಅದಕ್ಕೆ ನಮ್ಮ ಬಾಟಲಿ ಉತ್ತರವಲ್ಲ, ವೈದ್ಯರನ್ನು ನೋಡಿ. ನಡುಕ, ಬೆವರು, ಭೇದಿ, ಜ್ವರ, ಸ್ನಾಯು ಬಿಗಿತ, ಎದೆ ಬಡಿತ ಹೀಗೆ ಶುರುವಾದರೆ ಬೆಳಗಾಗಲಿ ಅಂತ ಕಾಯಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ, ಬಾಟಲಿಯನ್ನೂ ಮಾತ್ರೆಗಳನ್ನೂ ಜೊತೆಗೇ ಒಯ್ಯಿರಿ.

ಪುಡಿಯೇ ಇರಲಿ, ಕ್ಯಾಪ್ಸೂಲ್ ನುಂಗಲು ಆಗಲ್ಲ ಅಂತ ಕೆಲವರು ಆಗಲೇ ಹೇಳಿದ್ದಾರೆ. ಅವರಿಗಾಗಿ ತೂಕ ಮಾಡಿ ಮುಚ್ಚಿದ ಸಣ್ಣ ಪೊಟ್ಟಣಗಳನ್ನು ಮಾಡುತ್ತಿದ್ದೇವೆ, ಒಂದೊಂದರಲ್ಲೂ 500 ಮಿಲಿಗ್ರಾಂ. ಅವು ಬರಲು ಇನ್ನೂ ಸ್ವಲ್ಪ ಸಮಯ ಬೇಕು.

ನಿಮ್ಮ ಹತ್ತಿರ ಹಳೆ ಡಬ್ಬ ಉಳಿದಿದ್ದರೆ, ತೆರೆದಿದ್ದರೂ ಸರಿ, ವಾಪಸ್ ಕಳಿಸಿ. ಸಾಗಣೆ ಖರ್ಚು ನಮ್ಮದು. ಪೂರ್ತಿ ಹಣ ಅಥವಾ ಅಷ್ಟೇ ಬೆಲೆಯ ಕ್ಯಾಪ್ಸೂಲ್, ಯಾವುದು ಬೇಕೋ ಬರೆದು ತಿಳಿಸಿ. ಸ್ಕೂಪನ್ನೂ ಡಬ್ಬದೊಳಗೇ ಹಾಕಿ ಕಳಿಸಿ. ಬೇರೆ ಯಾವುದೋ ಪುಡಿಗೆ ಆಗುತ್ತೆ ಅಂತ ಇಟ್ಟುಕೊಳ್ಳಬೇಡಿ.

ಇಂತಿ,
ನಿಮ್ಮ ಪ್ಯಾಕಿಂಗ್ ಮೇಜಿನವರು